ಕನಸಿನ ಗಿಟಾರಿಗೆ ಕೂಡಿಟ್ಟ ಹಣ

ಪರವೂರಿನಲ್ಲಿ ದುಡಿಯುವ ನಮ್ಮವರ ಸಂಬಳಕ್ಕೆ ಹಕ್ಕುದಾರರು ಹಲವರು. ಊರಿನ ಮನೆಯ ಖರ್ಚು, ತಂಗಿಯ ಮದುವೆ, ತಮ್ಮನ ಓದು, ತಂದೆಯ ಔಷಧ, ಇವೆಲ್ಲ ಸಂದ ಬಳಿಕ ದುಡಿದವನ ಸ್ವಂತದ ಬಾಬತ್ತಿಗೆ ಉಳಿಯುವುದು ಅತ್ಯಲ್ಪ. ಹೀಗಿರುವಾಗ ಹೋಟೆಲಿನಲ್ಲೋ ಕಚೇರಿಯಲ್ಲೋ ವರ್ಷಗಟ್ಟಲೆ ದುಡಿದವನೊಬ್ಬನು ಎಳವೆಯಿಂದಲೂ ಬಯಸಿದ್ದ ಎಲೆಕ್ಟ್ರಿಕ್ ಗಿಟಾರನ್ನು ಕೊನೆಗೊಮ್ಮೆ ಕೊಂಡುತಂದನೆಂದರೆ, ಅವನಿಗೆ ಮೊದಲು ದೊರೆಯುವುದು ಉಪದೇಶವೇ. “ಈ ವಯಸ್ಸಿನಲ್ಲಿ ಇದೇಕೆ? ಆ ಹಣಕ್ಕೆ ಊರಿನಲ್ಲಿ ಎಷ್ಟು ಕೆಲಸವಾಗುತ್ತಿತ್ತು!” ಎನ್ನುವವರು ಹಿತೈಷಿಗಳೇ ಇರಬಹುದು. ಆದರೂ ಅವರ ಮಾತು ನ್ಯಾಯವಾದುದಲ್ಲವೆಂದು ನಾವು ಭಾವಿಸುತ್ತೇವೆ.

ದುಂದುವೆಚ್ಚವೆಂಬ ಆಕ್ಷೇಪವನ್ನು ಮೊದಲು ಪರಿಶೀಲಿಸೋಣ. ಮನೆಯನ್ನು ಮರೆತು ಶೋಕಿಗೆ ಹಣ ಚೆಲ್ಲುವವನನ್ನು ನಾವು ಸಮರ್ಥಿಸುವವರಲ್ಲ. ಕರ್ತವ್ಯವನ್ನೆಲ್ಲ ಸಲ್ಲಿಸಿ, ಕೈ ಬಿಗಿಹಿಡಿದು, ತಿಂಗಳು ತಿಂಗಳೂ ಇಷ್ಟಿಷ್ಟೆಂದು ಕೂಡಿಟ್ಟವನ ವಿಷಯ ಬೇರೆ. ಇಂದು ಕಲಿಯುವವನಿಗೆ ಸಾಕಾಗುವಂಥ ಗಿಟಾರು 10-15 ಸಾವಿರ ರೂಪಾಯಿಗಳ ಸುಮಾರಿಗೆ ದೊರೆಯುತ್ತದೆ. ಅಷ್ಟೇ ಹಣವನ್ನು ಮೊಬೈಲ್ ಫೋನಿಗೆ ತೆತ್ತು, ಕೆಲವೇ ವರ್ಷಗಳಲ್ಲಿ ಅದನ್ನು ಬಿಸುಟರೆ ಯಾರೂ ಆಕ್ಷೇಪಿಸುವುದಿಲ್ಲ. ಜೋಪಾನವಾಗಿಟ್ಟ ಗಿಟಾರಾದರೋ ಮಕ್ಕಳ ಕೈಗೂ ಸಲ್ಲುತ್ತದೆ.

ಪರದೇಶದ ವಾದ್ಯ ನಮಗೇಕೆಂದು ಇನ್ನು ಕೆಲವರು ಕೇಳುತ್ತಾರೆ. ಪಿಟೀಲೂ ಹಾರ್ಮೋನಿಯಮ್ಮೂ ಎಲ್ಲಿಂದ ಬಂದವು? 1940ರಲ್ಲಿ ಆಕಾಶವಾಣಿಯು ಹಾರ್ಮೋನಿಯಮ್ಮನ್ನು ನಿಷೇಧಿಸಿತ್ತು; ಇಂದು ಅದಿಲ್ಲದ ಭಜನಾ ಮಂಡಲಿಯನ್ನು ಹುಡುಕಬೇಕು. ಬಂಟ್ವಾಳ ತಾಲೂಕಿನ ಸಜೀಪದಲ್ಲಿ ಹುಟ್ಟಿದ ಕದ್ರಿ ಗೋಪಾಲನಾಥರು ಬ್ಯಾಂಡಿನ ವಾದ್ಯವೆನಿಸಿದ್ದ ಸ್ಯಾಕ್ಸೊಫೋನಿನಲ್ಲಿ ಕರ್ನಾಟಕ ಸಂಗೀತವನ್ನು ನುಡಿಸಿ, 1994ರಲ್ಲಿ ಲಂಡನ್ನಿನ ಬಿ.ಬಿ.ಸಿ. ಪ್ರೊಮೆನಾಡ್ ಕಛೇರಿಯವರೆಗೆ ಹೋದರು. ಯು. ಶ್ರೀನಿವಾಸರು ವಿದ್ಯುತ್ ಮ್ಯಾಂಡೊಲಿನ್ನಿನಲ್ಲಿ ಕೃತಿಗಳನ್ನು ನುಡಿಸಿ ವಿದ್ವಾಂಸರನ್ನೂ ತಲೆದೂಗಿಸಿದರು. ವಾದ್ಯದ ಊರನ್ನು ಕೇಳುವುದಕ್ಕಿಂತ ವಾದಕನ ಸಾಧನೆಯನ್ನು ಕೇಳುವುದು ಯೋಗ್ಯ.

ಈ ಗಿಟಾರಿನ ಕಥೆ ನಮ್ಮ ಗುಮಾಸ್ತ ಬಂಧುಗಳಿಗೆ ಹಿಡಿಸುವಂಥದು. ವಾದ್ಯವೃಂದದ ತುತ್ತೂರಿಗಳ ನಡುವೆ ಗಿಟಾರಿನ ದನಿ ಕೇಳಿಸುತ್ತಿರಲಿಲ್ಲವಾಗಿ, 1930ರ ದಶಕದ ಆರಂಭದಲ್ಲಿ ಅಮೆರಿಕದವರು ಅದಕ್ಕೆ ವಿದ್ಯುತ್ತನ್ನು ಜೋಡಿಸಿದರು. ಉಕ್ಕಿನ ತಂತಿಯ ಕೆಳಗೆ ಅಯಸ್ಕಾಂತ, ಅದರ ಸುತ್ತ ಸಾವಿರಾರು ಸುತ್ತು ತೆಳುವಾದ ತಾಮ್ರದ ತಂತಿ. ಮೀಟಿದಾಗ ಅಲ್ಲಿ ಹುಟ್ಟುವ ಅಲ್ಪ ವಿದ್ಯುತ್ತನ್ನು ಆಂಪ್ಲಿಫಯರು ಹಿಗ್ಗಿಸುತ್ತದೆ. 1950ರಲ್ಲಿ ಗಟ್ಟಿ ಮರದ ಗಿಟಾರನ್ನು ಮಾರುಕಟ್ಟೆಗೆ ತಂದು ಜಗತ್ಪ್ರಸಿದ್ಧನಾದ ಲಿಯೋ ಫೆಂಡರನು ಮೊದಲು ಲೆಕ್ಕ ಬರೆಯುವ ನೌಕರಿಯಲ್ಲಿದ್ದವನು. ಆರ್ಥಿಕ ಮುಗ್ಗಟ್ಟಿನಲ್ಲಿ ಕೆಲಸ ಕಳೆದುಕೊಂಡು, 1938ರಲ್ಲಿ ಕ್ಯಾಲಿಫೋರ್ನಿಯಾದ ಫುಲರ್ಟನ್ನಿನಲ್ಲಿ ರೇಡಿಯೋ ದುರಸ್ತಿಯ ಅಂಗಡಿ ತೆರೆದನು. ಅವನಿಗೆ ಗಿಟಾರು ನುಡಿಸಲು ಬರುತ್ತಿರಲಿಲ್ಲ! ಕೆಟ್ಟರೆ ಸುಲಭವಾಗಿ ಬಿಚ್ಚಿ ಸರಿಪಡಿಸಬಹುದಾದ, ದುಡಿಯುವ ವಾದಕನಿಗೆ ಒದಗುವ ವಾದ್ಯವನ್ನು ಅವನು ನಿರ್ಮಿಸಿದನು.

ಗದ್ದಲದ ಭಯವೂ ಸಲ್ಲದು. ಒಂದೇ ಕೋಣೆಯಲ್ಲಿ ಆರೆಂಟು ಮಂದಿ ಮಲಗುವ ನಮ್ಮವರ ವಸತಿಗೆ ಇಷ್ಟು ಒಗ್ಗುವ ತಂತಿವಾದ್ಯ ಇನ್ನೊಂದಿರಲಾರದು. ಗಟ್ಟಿ ಮರದೊಳಗೆ ಟೊಳ್ಳಿಲ್ಲದ್ದರಿಂದ, ವಿದ್ಯುತ್ತು ಜೋಡಿಸದೆ ನುಡಿಸಿದರೆ ಅದರ ದನಿ ಪಕ್ಕದ ಹಾಸಿಗೆಯವನ ನಿದ್ದೆಯನ್ನೂ ಕೆಡಿಸದು. ಕಿವಿಗೆ ಹೆಡ್‌ಫೋನು ತೊಟ್ಟರೆ ಪೂರ್ಣಸ್ವರವು ನುಡಿಸುವವನೊಬ್ಬನಿಗೇ ಕೇಳುತ್ತದೆ.

ಆದರೆ ಕೊಳ್ಳುವವನಿಗೂ ನಮ್ಮದೆರಡು ಮಾತುಗಳಿವೆ. ಸಾಲದ ಕಂತಿನಲ್ಲಿ ಕನಸನ್ನು ಕೊಳ್ಳಬೇಡಿ. ಕಂತು ತಪ್ಪಿದ ದಿನ ವಾದ್ಯದ ಮುಖ ನೋಡಲೂ ಮನಸ್ಸಾಗದು. ಲಕ್ಷ ರೂಪಾಯಿ ದಾಟುವ ಹೆಸರುವಾಸಿ ಗಿಟಾರಿಗಾಗಿ ಇನ್ನೂ ಹತ್ತು ವರ್ಷ ಕಾಯಲೂ ಬೇಡಿ. ಧೋಬಿ ತಲಾವಿನ ವಾದ್ಯದಂಗಡಿಗಾಗಲಿ ನಿಮ್ಮೂರಿನ ಅಂಗಡಿಗಾಗಲಿ ನುಡಿಸಬಲ್ಲವನೊಬ್ಬನನ್ನು ಜೊತೆಗೆ ಕರೆದೊಯ್ಯಿರಿ. ಗಿಟಾರಿನ ಕುತ್ತಿಗೆ ನೆಟ್ಟಗಿದೆಯೆ, ತಂತಿ ಎಲ್ಲಿಯಾದರೂ ಗುಂಯ್ಗುಡುತ್ತದೆಯೆ ಎಂಬುದನ್ನು ಅವನು ಪರೀಕ್ಷಿಸಲಿ. ಮುಂಬಯಿ, ಚೆನ್ನೈಗಳ ಕಡಲಗಾಳಿಗೆ ಉಕ್ಕಿನ ತಂತಿ ಬೇಗ ತುಕ್ಕು ಹಿಡಿಯುವುದರಿಂದ ನುಡಿಸಿದ ಮೇಲೆ ಒಣಬಟ್ಟೆಯಿಂದ ಒರೆಸತಕ್ಕದ್ದು.

ಗಿಟಾರಿನ ನಿಜವಾದ ಬೆಲೆ ಕೊಂಡ ಮರುದಿನದಿಂದ ಸಲ್ಲಬೇಕಾದದ್ದು. ಮೊದಲ ಕೆಲವು ವಾರ ಬೆರಳ ತುದಿ ನೋಯುತ್ತದೆ. ಬಳಿಕ ಅಲ್ಲಿ ಚರ್ಮ ಗಡಸಾಗುತ್ತದೆ. ಕುದಿವ ಪಾತ್ರೆ ಹಿಡಿದ ಕೈಗೆ ಇದು ದೊಡ್ಡ ನೋವಲ್ಲ. ಹಗಲೆಲ್ಲ ಹೋಟೆಲಿನಲ್ಲಿ ದುಡಿದು ಇರುಳು ಮುಂಬಯಿಯ ಕನ್ನಡ ರಾತ್ರಿಶಾಲೆಗಳಲ್ಲಿ ಅಕ್ಷರ ಕಲಿತವರ ಪರಂಪರೆ ನಮ್ಮದು. ಅವರಿಗೂ “ಈ ವಯಸ್ಸಿನಲ್ಲಿ ಇದೇಕೆ?” ಎಂದವರಿದ್ದಿರಬೇಕು. ದಿನಕ್ಕೆ ಅರ್ಧ ಗಂಟೆ ತಪ್ಪದೆ ಕುಳಿತವನು ಒಂದು ವರ್ಷದಲ್ಲಿ ನಾಲ್ಕಾರು ಹಾಡು ನುಡಿಸಿಯಾನು. ಅದಕ್ಕಿಂತ ಹೆಚ್ಚು ಬಾರದಿದ್ದರೂ ನಷ್ಟವೇನು?

ಕೋಣೆಯ ಸಂಗಡಿಗರು ಆ ಅರ್ಧ ಗಂಟೆಯನ್ನು ಅವನಿಗೆ ಬಿಟ್ಟುಕೊಡಲಿ. ಧಣಿಗಳು ಪಾಳಿ ಹಂಚುವಾಗ ವಾರದ ಪಾಠದ ಹೊತ್ತನ್ನು ಉಳಿಸಿಕೊಡಲಿ. ನಮ್ಮ ಸಂಘಗಳು ರಾಜ್ಯೋತ್ಸವದ ವೇದಿಕೆಯಲ್ಲಿ ದೂರದ ತಾರೆಯರ ಜೊತೆಗೆ ಇಂಥವನಿಗೂ ಹತ್ತು ನಿಮಿಷ ಕೊಡಲಿ. ಎಲ್ಲರಿಗೂ ಬಡಿಸಿದ ಮೇಲೆ ಬಡಿಸಿದವನೂ ಉಣ್ಣಬೇಕಲ್ಲವೆ?