ಪ್ರವೇಶ ಉಚಿತ

ನಮ್ಮೂರ ಹವ್ಯಾಸಿ ನಾಟಕ ತಂಡದ ಖಜಾಂಚಿಗಿರಿ ನನ್ನ ಕೊರಳಿಗೆ ಬಿದ್ದು ಹನ್ನೊಂದು ವರ್ಷವಾಯಿತು. ಪಾತ್ರ ಮಾಡಲು ಬಾರದವನ ಕೈಗೆ ಲೆಕ್ಕದ ಪುಸ್ತಕ ಕೊಡುವುದು ಎಲ್ಲ ತಂಡಗಳ ಪದ್ಧತಿಯೇ. ಪುಸ್ತಕದಲ್ಲಿ ಖರ್ಚಿನ ಪಟ್ಟಿ ಪ್ರತಿವರ್ಷ ಉದ್ದ: ರಂಗಮಂದಿರದ ಬಾಡಿಗೆ, ಬೆಳಕಿನವರು, ಮೈಕಿನವರು, ಮೇಕಪ್ಪು, ಸೆಟ್ಟು ಸಾಗಿಸುವ ಟೆಂಪೊ, ಎರಡು ತಿಂಗಳ ತಾಲೀಮಿನ ಚಹಾ-ಮಂಡಕ್ಕಿ. ಜಮೆಯ ಪಟ್ಟಿ ಮೂರೇ ಸಾಲು: ಸದಸ್ಯರ ವಂತಿಗೆ, ಪೇಟೆಯ ಅಂಗಡಿಯವರ ಜಾಹೀರಾತು, ಮತ್ತು 'ಬರಬೇಕಾದ ಸಹಾಯಧನ'. ಈ ಮೂರನೆಯದು ಒಮ್ಮೊಮ್ಮೆ ಒಂದು ವರ್ಷದ ಪುಟದಿಂದ ಮುಂದಿನ ವರ್ಷದ ಪುಟಕ್ಕೆ ಹಾಗೇ ನಡೆದುಕೊಂಡು ಬರುತ್ತದೆ. ಟಿಕೆಟ್ ಎಂಬ ಸಾಲೇ ಇರಲಿಲ್ಲ. ಕರಪತ್ರದ ತುದಿಗೆ 'ಪ್ರವೇಶ ಉಚಿತ' ಎಂದು ಹಾಕಿಸುವುದು ಎಷ್ಟು ರೂಢಿಯಾಗಿತ್ತೆಂದರೆ, ನಾವು ಬರೆದುಕೊಡಲು ಮರೆತರೂ ಪ್ರೆಸ್ಸಿನವನೇ ಸೇರಿಸಿಬಿಡುತ್ತಿದ್ದ.

ಆ ಎರಡು ಪದಗಳ ಬಗ್ಗೆ ನನಗೀಗ ತಕರಾರಿದೆ. ಉಚಿತ ಎಂದರೆ ಯೋಗ್ಯವಾದದ್ದು, ತಕ್ಕದ್ದು. ಬಿಟ್ಟಿ ಎಂಬ ಅರ್ಥ ಅದಕ್ಕೆ ಆಮೇಲೆ ಅಂಟಿಕೊಂಡಿತು. 'ಅನುಚಿತ'ಕ್ಕೆ ಮಾತ್ರ ಹಳೆಯ ಅರ್ಥವೇ ಉಳಿದಿದೆ. ಬಿಟ್ಟಿಯಾಗಿ ತೋರಿಸುವುದು ಯೋಗ್ಯವೋ ಅಲ್ಲವೋ ಎಂಬ ಪ್ರಶ್ನೆಯ ಹಿಂದೆ ಇನ್ನೂ ದೊಡ್ಡ ಪ್ರಶ್ನೆಯೊಂದು ಕೂತಿದೆ. ಕಲೆಯ ಖರ್ಚನ್ನು ಹೊರಬೇಕಾದವರು ಯಾರು?

ಖರ್ಚು ಯಾಕೆ ಅಷ್ಟು ಎನ್ನುವುದನ್ನು ಮೊದಲು ನೋಡಬೇಕು. 1966ರಲ್ಲಿ ಅಮೆರಿಕದ ವಿಲಿಯಂ ಬೌಮಲ್ ಮತ್ತು ವಿಲಿಯಂ ಬೋವೆನ್ ಎಂಬ ಅರ್ಥಶಾಸ್ತ್ರಜ್ಞರು ನಾಟಕ, ಸಂಗೀತ, ನೃತ್ಯ ತಂಡಗಳ ಜಮಾಖರ್ಚನ್ನೇ ಹಿಡಿದು ಒಂದು ಪುಸ್ತಕ ಬರೆದರು. ಅವರ ಮಾತಿನ ಸಾರ ಇಷ್ಟು. ಕಾರ್ಖಾನೆಯಲ್ಲಿ ಯಂತ್ರ ಬಂದಂತೆಲ್ಲ ಒಬ್ಬ ಕೆಲಸಗಾರ ಗಂಟೆಗೆ ಮಾಡುವ ಕೆಲಸ ಹೆಚ್ಚುತ್ತದೆ, ಕೂಲಿಯೂ ಹೆಚ್ಚುತ್ತದೆ. ನಾಲ್ವರು ಪಿಟೀಲಿನಂಥ ತಂತಿವಾದ್ಯ ಹಿಡಿದು ನುಡಿಸುವ ಕೃತಿಗೆ ಇನ್ನೂರು ವರ್ಷದ ಹಿಂದೆ ಎಷ್ಟು ಜನ, ಎಷ್ಟು ಹೊತ್ತು ಬೇಕಿತ್ತೋ ಇವತ್ತಿಗೂ ಅಷ್ಟೇ ಬೇಕು. ಆದರೆ ಆ ನಾಲ್ವರೂ ಪೇಟೆಯ ದರದಲ್ಲೇ ಅಕ್ಕಿ ಕೊಳ್ಳಬೇಕು, ಬಾಡಿಗೆ ಕಟ್ಟಬೇಕು. ಹಾಗಾಗಿ ಕಲೆಯ ಖರ್ಚು ಏರುತ್ತಲೇ ಹೋಗುತ್ತದೆ, ಗಳಿಕೆ ಅದರ ಜೊತೆಗೆ ಓಡಲಾರದು. ತಂಡದವರ ಸೋಮಾರಿತನಕ್ಕಾಗಲಿ ದುಂದುವೆಚ್ಚಕ್ಕಾಗಲಿ ಇದರಲ್ಲಿ ಪಾತ್ರವಿಲ್ಲ.

ಪಿಟೀಲು ಬಿಟ್ಟು ನಮ್ಮ ಯಕ್ಷಗಾನದ ಚೌಕಿಗೆ, ಬಣ್ಣ ಹಚ್ಚುವ ಮನೆಗೆ ಬನ್ನಿ. ತೆಂಕುತಿಟ್ಟಿನ ಬಣ್ಣದ ವೇಷಧಾರಿ ಕನ್ನಡಿಯ ಮುಂದೆ ಕಾಲು ಮಡಚಿ ಕೂತು, ಅಕ್ಕಿಹಿಟ್ಟಿನ ಚಿಟ್ಟಿಯನ್ನು ಮುಖದ ಮೇಲೆ ಒಂದೊಂದಾಗಿ ಇಡುವುದನ್ನು ನೋಡಿದವರಿಗೆ ಬೌಮಲ್‌ ಓದುವ ಅಗತ್ಯವಿಲ್ಲ. ಒಂದು ಸಾಲು ಒಣಗಬೇಕು, ಅದರ ಮೇಲೆ ಇನ್ನೊಂದು ಸಾಲು ಏರಬೇಕು. ಅಜ್ಜನಿಗೆ ಎಷ್ಟು ಗಂಟೆ ಹಿಡಿಯುತ್ತಿತ್ತೋ ಮೊಮ್ಮಗನಿಗೂ ಅಷ್ಟೇ ಹಿಡಿಯುತ್ತದೆ. ಗದಾಪರ್ವ ಆಡುವಾಗ ಭೀಮನೊಬ್ಬ ಸಾಕು, ಕೌರವನನ್ನು ಕೈಬಿಡೋಣ ಎನ್ನಲಾಗದು. ಭಾಗವತರ ಪದ್ಯಕ್ಕೆ ಚೆಂಡೆ, ಮದ್ದಳೆ ಎರಡೂ ಬೇಕು. ವೇಷ ಹಾಕುವವರು, ಹಾಕಿಸುವವರು, ರಂಗಸ್ಥಳ ಕಟ್ಟುವವರು, ಅಡುಗೆಯವರು, ಲಾರಿಯವರು ಎಲ್ಲ ಸೇರಿದರೆ ಒಂದು ಮೇಳವೆಂದರೆ ಒಂದು ಸಣ್ಣ ಊರು.

ಯಕ್ಷಗಾನ ಈ ಇಕ್ಕಟ್ಟಿಗೆ ಒಂದು ಉಪಾಯ ಹುಡುಕಿಕೊಂಡಿತು: ಕಾಲಮಿತಿ. ಬೆಳಗಿನವರೆಗೆ ನಡೆಯುತ್ತಿದ್ದ ಆಟ ನಡುರಾತ್ರಿಗೇ ಮಂಗಳ ಹಾಡತೊಡಗಿತು. ಅದಕ್ಕೆ ಕಾರಣಗಳು ಬೇರೆಯೂ ಇವೆ. ಪ್ರೇಕ್ಷಕರಿಗೆ ಮರುದಿನ ಕೆಲಸವಿದೆ, ರಾತ್ರಿಯ ಧ್ವನಿವರ್ಧಕದ ನಿಯಮವಿದೆ. ಆದರೆ ಹೊತ್ತು ಅರ್ಧವಾದರೂ ಖರ್ಚು ಅರ್ಧವಾಗಲಿಲ್ಲ ಎನ್ನುವುದು ಗಮನಿಸಬೇಕಾದ ಸಂಗತಿ. ಲಾರಿ ಅದೇ, ಬಣ್ಣ ಅದೇ, ಜನ ಅಷ್ಟೇ. ಉಳಿದ ಹೊತ್ತಿನ ಲಾಭ ಸಿಕ್ಕಿದ್ದು ಹೆಸರಾದ ಕೆಲವರಿಗೆ. ಅತಿಥಿ ಕಲಾವಿದರಾಗಿ ಒಂದು ಕಡೆ ವೇಷ ಕಳಚಿ ಇನ್ನೊಂದು ಕಡೆಗೆ ಕಾರು ಹತ್ತಬಲ್ಲವರಿಗೆ. ಪೂರ್ವರಂಗದಲ್ಲಿ ಕುಣಿದು ಹೆಜ್ಜೆ ಕಲಿಯುತ್ತಿದ್ದ ಹುಡುಗನ ಪಾಲಿಗೆ ಸಮಯ ಕಡಿಮೆಯಾಯಿತು. ಕಾರ್ಖಾನೆಯ ದಕ್ಷತೆಯನ್ನು ಕಲೆಗೆ ಹೊಂದಿಸಲು ಹೋದಾಗ ಮೊದಲು ಕತ್ತರಿ ಬೀಳುವುದು ಕಲಿಕೆಗೆ.

ಇಷ್ಟಾದರೂ ಕಟೀಲಿನಂಥ ಕ್ಷೇತ್ರದ ಮೇಳಗಳು ಆಟದ ಋತು ಮುಗಿಯುವ ಪತ್ತನಾಜೆಯವರೆಗೆ ಬಿಡುವಿಲ್ಲದೆ ತಿರುಗುತ್ತವೆ. ಹರಕೆಯ ಆಟಕ್ಕೆ ಸರದಿ ಸಿಗಲು ವರ್ಷಗಟ್ಟಲೆ ಕಾಯುತ್ತಾರೆ. ಅಲ್ಲಿಯೂ ನೋಡುವವರಿಗೆ ಟಿಕೆಟ್ ಇಲ್ಲವಲ್ಲ, ಅದೂ ಉಚಿತವೇ ಅಲ್ಲವೇ ಎಂದು ಕೇಳಬಹುದು. ವ್ಯತ್ಯಾಸ ಸಣ್ಣದು, ಆದರೆ ಎಲ್ಲವೂ ಅದರಲ್ಲೇ ಇದೆ. ದಾರಿಯಲ್ಲಿ ಎದುರಾದವರು "ಇವತ್ತು ಯಾರ ಆಟ?" ಎಂದು ಕೇಳುತ್ತಾರೆ. ಉತ್ತರಕ್ಕೊಂದು ಮನೆಯ ಹೆಸರಿರುತ್ತದೆ. ಆ ಮನೆಯವರು ಗದ್ದೆ ಹಸನು ಮಾಡಿಸಿ, ಚಪ್ಪರ ಹಾಕಿಸಿ, ಬಂದವರಿಗೆಲ್ಲ ಊಟ ಬಡಿಸುತ್ತಾರೆ. ಬಂದವರು ಅತಿಥಿಗಳು, ಅವರಿಗೂ ಒಂದು ಮರ್ಯಾದೆಯ ಋಣವಿದೆ. ನಮ್ಮ ಸಭಾಂಗಣದ ಉಚಿತ ಕಾರ್ಯಕ್ರಮದ ಬಾಗಿಲಲ್ಲಿ ನಿಂತು "ಇವತ್ತು ಯಾರ ನಾಟಕ?" ಎಂದು ಕೇಳಿ ನೋಡಿ. ಬ್ಯಾನರಿನಲ್ಲಿರುವ ಹೆಸರು ಓದಿ ಹೇಳುತ್ತಾರೆ.

ಹರಕೆಯನ್ನು ನಾನು ಹೊಗಳಿ ಅಟ್ಟಕ್ಕೇರಿಸುತ್ತಿಲ್ಲ. ಹಣ ಕೊಟ್ಟವರ ಇಷ್ಟ ಅಲ್ಲಿಯೂ ನಡೆಯುತ್ತದೆ. ದೇವಿಮಹಾತ್ಮೆಯೇ ಬೇಕು ಎಂದರೆ ದೇವಿಮಹಾತ್ಮೆಯೇ. ಹೊಸ ಪ್ರಸಂಗಗಳಿಗೆ, ತುಳು ಪ್ರಸಂಗಗಳಿಗೆ ಜೀವ ಬಂದದ್ದು ಟಿಕೆಟ್ ಹರಿಯುತ್ತಿದ್ದ ಡೇರೆ ಮೇಳಗಳಲ್ಲಿ, ಯಾಕೆಂದರೆ ಅಲ್ಲಿ ನಿನ್ನೆ ನೋಡಿದವನನ್ನು ಇವತ್ತೂ ಕರೆತರಬೇಕಿತ್ತು. ಟಿಕೆಟ್ಟಿಗೂ ಅದರದೇ ರೋಗವಿದೆ. 1884ರಲ್ಲಿ ಹುಟ್ಟಿದ ಗುಬ್ಬಿ ಕಂಪನಿ ಟಿಕೆಟ್ ಹಣದ ಬಲದಲ್ಲೇ 'ಕುರುಕ್ಷೇತ್ರ'ಕ್ಕೆ ಜೀವಂತ ಆನೆ, ಕುದುರೆಗಳನ್ನು ರಂಗದ ಮೇಲೆ ತಂದಿತು. ಅದೇ ಟಿಕೆಟ್ಟಿನ ಒತ್ತಡಕ್ಕೆ ಸಿಕ್ಕು ಇವತ್ತು ಬಾದಾಮಿಯ ಬನಶಂಕರಿ ಜಾತ್ರೆಯಲ್ಲಿ ಡೇರೆ ಹಾಕುವ ಕಂಪನಿಗಳು ಎರಡರ್ಥದ ಮಾತಿಗೆ ಜೋತುಬಿದ್ದಿವೆ. ನನಗೆ ಆ ಮಾತುಗಳು ರುಚಿಸುವುದಿಲ್ಲ. ಆದರೂ ಆ ನಟ-ನಟಿಯರ ಬಗ್ಗೆ ಒಂದು ಅಸೂಯೆ ಇದೆ: ತಮ್ಮ ಆಟ ಕೆಟ್ಟಿತೋ ಗೆದ್ದಿತೋ ಎನ್ನುವುದು ಮೂರನೆಯ ರಾತ್ರಿಗೆ ಅವರಿಗೆ ಗೊತ್ತಾಗಿಬಿಡುತ್ತದೆ. ನಮಗೆ ಹನ್ನೊಂದು ವರ್ಷದಲ್ಲಿ ಗೊತ್ತಾಗಿರಲಿಲ್ಲ.

ದೇವರೂ ಅಲ್ಲದ, ಪ್ರೇಕ್ಷಕರೂ ಅಲ್ಲದ ಮೂರನೆಯ ಪೋಷಕ ಸರ್ಕಾರ. ಅರಮನೆ ಹೋದ ಮೇಲೆ ಆ ಜಾಗದಲ್ಲಿ ಯಾರಾದರೂ ಕೂರಲೇಬೇಕಿತ್ತು, ಇದು ಕೂತಿತು. ಈ ಪೋಷಕನ ಗುಣ-ದೋಷ ಚೆನ್ನಾಗಿ ಗೊತ್ತಿದ್ದವನು ಜಾನ್ ಮೇನಾರ್ಡ್ ಕೇನ್ಸ್. ಅರ್ಥಶಾಸ್ತ್ರಜ್ಞ, ಬ್ಯಾಲೆ ನರ್ತಕಿಯ ಗಂಡ, ಸ್ವಂತ ದುಡ್ಡು ಹಾಕಿ ಕೇಂಬ್ರಿಜ್‌ನಲ್ಲಿ ರಂಗಮಂದಿರ ಕಟ್ಟಿಸಿದವನು. 1946ರಲ್ಲಿ ಶುರುವಾದ ಬ್ರಿಟನ್ನಿನ ಆರ್ಟ್ಸ್ ಕೌನ್ಸಿಲ್‌ಗೆ ರೂಪ ಕೊಟ್ಟವನೂ ಅವನೇ. ಹಣ ಸರ್ಕಾರದ್ದು, ಯಾರಿಗೆ ಎಷ್ಟು ಎಂಬ ತೀರ್ಮಾನ ಮಂತ್ರಿಯದ್ದಲ್ಲ ಎನ್ನುವುದು ಆ ಏರ್ಪಾಡಿನ ತಳಪಾಯ. ನಮ್ಮ ಕೇಂದ್ರ ಅಕಾಡೆಮಿಗಳನ್ನು 1950ರ ದಶಕದಲ್ಲಿ ಸ್ಥಾಪಿಸಿದಾಗಲೂ, ಆಮೇಲೆ ರಾಜ್ಯದಲ್ಲಿ ಒಂದೊಂದು ಕಲೆಗೆ ಒಂದೊಂದು ಅಕಾಡೆಮಿ ಮಾಡಿದಾಗಲೂ ಮಾತಿನಲ್ಲಿ ಇದ್ದದ್ದು ಇದೇ ಸ್ವಾಯತ್ತತೆ. ನಡತೆಯಲ್ಲಿ? 2019ರಲ್ಲಿ ಸರ್ಕಾರ ಬದಲಾಯಿತು, ಅಕಾಡೆಮಿಗಳ ನಾಮನಿರ್ದೇಶನ ರದ್ದಾಯಿತು. 2023ರಲ್ಲಿ ಮತ್ತೆ ಬದಲಾಯಿತು, ಮತ್ತೆ ರದ್ದಾಯಿತು, ಕುರ್ಚಿಗಳು ತಿಂಗಳುಗಟ್ಟಲೆ ಖಾಲಿ ಬಿದ್ದವು. ಎರಡು ಬೇರೆ ಬೇರೆ ಪಕ್ಷಗಳು ಇಷ್ಟು ಒಮ್ಮತದಿಂದ ಪಾಲಿಸುವ ಸಾಂಸ್ಕೃತಿಕ ನೀತಿ ಇನ್ನೊಂದಿಲ್ಲ. ಬರೆದಿಟ್ಟ ನೀತಿಯೂ ಇದೆ, ಇಲ್ಲವೆಂದಲ್ಲ. ಬರಗೂರು ರಾಮಚಂದ್ರಪ್ಪನವರ ಸಮಿತಿ 2014ರಲ್ಲೇ ವರದಿ ಕೊಟ್ಟಿತು. ಅದಕ್ಕೆ ಸಂಪುಟದ ಒಪ್ಪಿಗೆ ಸಿಕ್ಕಿದ್ದು 2017ರಲ್ಲಿ.

ಸರ್ಕಾರಕ್ಕೆ ಇಷ್ಟವಾದ ಖರ್ಚು ಎರಡು: ಉತ್ಸವ ಮತ್ತು ಪ್ರಶಸ್ತಿ. ಎರಡರಲ್ಲೂ ವೇದಿಕೆಯಿದೆ, ಫೋಟೊ ಇದೆ. ರಾಜ್ಯೋತ್ಸವ ಪ್ರಶಸ್ತಿಯ ಲೆಕ್ಕ ನೋಡಿ: 2023ರಲ್ಲಿ 68 ಸಾಧಕರು, 2024ರಲ್ಲಿ 69, ಮರುವರ್ಷ 70. ಎಷ್ಟನೆಯ ರಾಜ್ಯೋತ್ಸವವೋ ಅಷ್ಟು ಜನ. ನಾಡಿನಲ್ಲಿ ಪ್ರತಿಭೆ ವರ್ಷಕ್ಕೆ ಸರಿಯಾಗಿ ಒಬ್ಬರಂತೆ ಹೆಚ್ಚುತ್ತದೆ ಎಂದು ಪಂಚಾಂಗ ನೋಡಿ ತೀರ್ಮಾನಿಸಿದ ಹಾಗೆ. ಕೊಪ್ಪಳ ಜಿಲ್ಲೆಯ ತೊಗಲುಗೊಂಬೆಯಾಟದ ಭೀಮವ್ವ ಶಿಳ್ಳೇಕ್ಯಾತರ ಅವರಿಗೆ 2025ರಲ್ಲಿ ಪದ್ಮಶ್ರೀ ಬಂದಾಗ ಅವರಿಗೆ 96 ವರ್ಷ. ಸಂತೋಷಪಟ್ಟವರಲ್ಲಿ ನಾನೂ ಒಬ್ಬ. ಆದರೆ ಅವರು ಗೊಂಬೆಗಳ ಪೆಟ್ಟಿಗೆ ಹೊತ್ತು ಊರೂರು ತಿರುಗುತ್ತಿದ್ದ ವಯಸ್ಸಿನಲ್ಲಿ ಒಂದು ಬಸ್ ಪಾಸ್, ಮಳೆಗಾಲದ ನಾಲ್ಕು ತಿಂಗಳಿಗೆ ಒಂದಿಷ್ಟು ಸಂಬಳ, ಕಲಿಯಲು ಬಂದ ಮಕ್ಕಳಿಗೆ ಊಟ ಸಿಕ್ಕಿದ್ದರೆ ಆ ಕಲೆ ಇವತ್ತು ಎಷ್ಟು ಮನೆಗಳಲ್ಲಿ ಇರುತ್ತಿತ್ತು ಎಂಬ ಲೆಕ್ಕವನ್ನೂ ಹಾಕಬೇಕಲ್ಲ.

ಸಹಾಯಧನದ ಕಡತವನ್ನೂ ಹತ್ತಿರದಿಂದ ಕಂಡಿದ್ದೇನೆ. ಆಹ್ವಾನ ಪತ್ರಿಕೆ, ಬ್ಯಾನರ್ ಕಾಣುವಂತೆ ತೆಗೆದ ಫೋಟೊ, ಪತ್ರಿಕೆಯ ತುಣುಕು, ರೆವಿನ್ಯೂ ಸ್ಟಾಂಪ್ ಹಚ್ಚಿದ ರಸೀದಿಗಳು, ಕೊನೆಗೆ ಹಣ ಬಳಕೆಯ ಪ್ರಮಾಣಪತ್ರ. ಸಾರ್ವಜನಿಕ ಹಣಕ್ಕೆ ಲೆಕ್ಕ ಕೇಳುವುದು ನ್ಯಾಯವೇ; ಕೇಳದಿದ್ದರೆ ಕಾಗದದ ಮೇಲೆ ಮಾತ್ರ ಇರುವ ಸಂಘಗಳು ಇನ್ನೂ ಹೆಚ್ಚುತ್ತಿದ್ದವು. ಆದರೆ ಆ ಕಡತದಲ್ಲಿ ಎಷ್ಟು ಜನ ನೋಡಿದರು, ಎದ್ದುಹೋದವರೆಷ್ಟು, ಮತ್ತೆ ಆಡಿ ಎಂದು ಕೇಳಿದವರು ಯಾರು ಎಂಬುದಕ್ಕೆ ಜಾಗವೇ ಇಲ್ಲ. ಹಾಗಾಗಿ ಒಂದು ತಂಡ ಒಂದೇ ನಾಟಕವನ್ನು ಹತ್ತು ಊರಿಗೆ ಒಯ್ದು ಪಳಗಿಸುವ ಬದಲು, ವರ್ಷಕ್ಕೊಂದು ಹೊಸದನ್ನು ಒಂದೇ ಸಲ ಆಡಿ ಫೋಟೊ ತೆಗೆಸಿ ಕಟ್ಟಿಡುತ್ತದೆ. ನಾವೂ ಅದನ್ನೇ ಮಾಡಿದ್ದೇವೆ.

ಸರ್ಕಾರದ ಹಣ ಬೇಡ ಎನ್ನುವ ಪೈಕಿ ನಾನಲ್ಲ. ಖರ್ಚಿಗೂ ಗಳಿಕೆಗೂ ನಡುವೆ ಬೌಮಲ್ ತೋರಿಸಿದ ಆ ಕಂದರ ನಿಜ, ಪ್ರೇಕ್ಷಕನ ಜೇಬಿನಿಂದಷ್ಟೇ ಅದು ತುಂಬದು. ನಾನು ಕೇಳುವುದು ಇಷ್ಟು: ಪ್ರೇಕ್ಷಕನ ಕಣ್ಣಿಗೆ ಬೀಳದ ಖರ್ಚನ್ನು ಸರ್ಕಾರ ಹೊರಲಿ, ಕಣ್ಣಿಗೆ ಬೀಳುವ ಆಟಕ್ಕೆ ಪ್ರೇಕ್ಷಕ ಏನಾದರೂ ಕೊಡಲಿ. ಬೆಂಗಳೂರಿನ ರಂಗಶಂಕರ 2004ರಲ್ಲಿ ಬಾಗಿಲು ತೆರೆದದ್ದು ಸರ್ಕಾರ ಕೊಟ್ಟ ಜಾಗದಲ್ಲಿ, ದಾನಿಗಳ ಹಣದಲ್ಲಿ. ತಂಡಗಳಿಗೆ ಬಾಡಿಗೆ ಕಡಿಮೆ, ನೋಡುವವರಿಗೆ ಟಿಕೆಟ್ ಉಂಟು, ಹೇಳಿದ ಹೊತ್ತಿಗೆ ಬಾಗಿಲು ಮುಚ್ಚುತ್ತದೆ. ತಡವಾಗಿ ಬಂದ ಗಣ್ಯರಿಗೂ ಅದೇ ನಿಯಮ. ಉಚಿತ ಕಾರ್ಯಕ್ರಮದಲ್ಲಿ ಗಣ್ಯರು ಬರುವವರೆಗೆ ನಾಟಕವೇ ಕಾಯುತ್ತದೆ. ಹೆಗ್ಗೋಡಿನ ನೀನಾಸಮ್ ಇನ್ನೊಂದು ದಾರಿ ತೋರಿಸಿತು. 1980ರ ದಶಕದಲ್ಲಿ ಫೋರ್ಡ್ ಫೌಂಡೇಷನ್ನಿನ ನೆರವಿನ 'ಜನಸ್ಪಂದನ' ಯೋಜನೆ ಸ್ವಲ್ಪ ಕಾಲ ನಡೆದು ಮುಗಿಯಿತು. ಆದರೆ ಅದರ ಬೆನ್ನಿಗೆ 1985ರಲ್ಲಿ ಹೊರಟ 'ತಿರುಗಾಟ' ಮುಗಿಯಲಿಲ್ಲ. ಸೆಟ್ಟು, ದೀಪ ಎಲ್ಲ ಕಟ್ಟಿಕೊಂಡು ಹೋಗುವ ತಂಡ. ಪ್ರತಿ ಊರಿನಲ್ಲಿ ಕರೆಸಿಕೊಂಡು, ಉಣ್ಣಿಸಿ, ಟಿಕೆಟ್ ಮಾರುವ ಒಂದು ಗುಂಪು. ಶಿವಮೊಗ್ಗದ ಆ ಹಳ್ಳಿಯ ನಾಟಕ ಕರಾವಳಿಯ ಊರಿನಲ್ಲೂ 'ನಮ್ಮ ನಾಟಕ'ವಾಗುವುದು ಆ ಗುಂಪಿನ ಹುಡುಗರು ಮನೆಮನೆಗೆ ಹೋಗಿ ಟಿಕೆಟ್ ಹಂಚಿದ್ದರಿಂದ.

ಸದ್ದಿಲ್ಲದ ಒಳ್ಳೆಯ ನೀತಿಗಳೂ ಇವೆ. ಐನೂರು ರೂಪಾಯಿವರೆಗಿನ ನಾಟಕದ ಟಿಕೆಟ್ಟಿಗೆ ಜಿಎಸ್‌ಟಿ ಇಲ್ಲ. ಯಾವ ಮಂತ್ರಿಯೂ ಇದಕ್ಕೆ ದೀಪ ಬೆಳಗಿಸಿದ್ದನ್ನು ನಾನು ಕಂಡಿಲ್ಲ, ಆದರೂ ಒಂದು ಉತ್ಸವಕ್ಕಿಂತ ಹೆಚ್ಚು ಉಪಕಾರಿ. 2024ರಲ್ಲಿ ರಾಜ್ಯದ ವಿಧಾನಮಂಡಲ ಸಿನಿಮಾ ಟಿಕೆಟ್ ಮತ್ತು ಒಟಿಟಿ ಚಂದಾದ ಮೇಲೆ ಎರಡು ಶೇಕಡಾದವರೆಗೆ ಸೆಸ್ ಹಾಕಿ, ಸಿನಿಮಾ ಮತ್ತು ಸಾಂಸ್ಕೃತಿಕ ಕಾರ್ಯಕರ್ತರ ಕ್ಷೇಮನಿಧಿ ಕಟ್ಟುವ ಮಸೂದೆಗೆ ಒಪ್ಪಿಗೆ ಕೊಟ್ಟಿತು. ಇದರ ತರ್ಕ ನನಗೆ ಹಿಡಿಸಿದೆ. ಒಮ್ಮೆ ನಟಿಸಿ ಸಾವಿರ ಕಡೆ ತೋರಿಸಬಲ್ಲ ಸಿನಿಮಾ ಬೌಮಲ್ ಹೇಳಿದ ಏರುಖರ್ಚಿನ ರೋಗದಿಂದ ತಪ್ಪಿಸಿಕೊಂಡ ಕಲೆ. ತಪ್ಪಿಸಿಕೊಳ್ಳಲಾಗದ ಅಣ್ಣತಮ್ಮಂದಿರಿಗೆ ಅದು ಕೈಹಿಡಿದರೆ ಏನು ತಪ್ಪು? ಆ ನಿಧಿಯಲ್ಲಿ ಬಯಲಾಟದವನಿಗೆ ಪಾಲು ಬರುವುದೋ ಇಲ್ಲವೋ ಎಂಬುದಷ್ಟೇ ನೋಡಬೇಕು.

ಟಿಕೆಟ್ ಕೊಳ್ಳುವವರೇ ಇಲ್ಲದ ಕಲೆಗಳ ಗತಿ ಏನು ಎಂಬ ಪ್ರಶ್ನೆಗೆ ನನ್ನಲ್ಲಿ ಪೂರ್ತಿ ಉತ್ತರವಿಲ್ಲ. ತೊಗಲುಗೊಂಬೆಯನ್ನು ಪೇಟೆಯ ಕೈಗೆ ಒಪ್ಪಿಸಿದರೆ ಅದು ಕರಕುಶಲ ಮಳಿಗೆಯ ದೀಪದ ಹೊದಿಕೆಯಾಗಿ ಉಳಿಯುತ್ತದೆ, ಆಟವಾಗಿ ಉಳಿಯದು. ಅಲ್ಲಿ ಸರ್ಕಾರ ಪೂರ್ತಿ ಹೊರಬೇಕು, ಆದರೆ ಕಲಿಸುವವರಿಗೂ ಕಲಿಯುವವರಿಗೂ ತಿಂಗಳ ಸಂಬಳವಾಗಿ ಕೊಡಬೇಕು. ವರ್ಷಕ್ಕೊಮ್ಮೆ ಮೆರವಣಿಗೆಯಲ್ಲಿ ಕುಣಿಸಿ ಶಾಲು ಹೊದಿಸುವುದು ಸಾಲದು. ಸಂಬಳ ಕೊಟ್ಟರೆ ಕಲಾವಿದ ಗುಮಾಸ್ತನಾಗುತ್ತಾನೆ ಎಂಬ ಮಾತು ಮೈಸೂರಿನ ರಂಗಾಯಣದ ವಿಷಯದಲ್ಲೂ ಬಂದಿದೆ. ಆದರೆ 1989ರಲ್ಲಿ ಬಿ.ವಿ. ಕಾರಂತರು ಅಲ್ಲಿ ಪಳಗಿಸಿದ ನಟರ ಮೈ, ದನಿ ಕಂಡವರು ಆ ಸಂಬಳ ದಂಡವಾಯಿತು ಎನ್ನಲಾರರು.

ಹೋದ ವರ್ಷ ನಮ್ಮ ತಂಡದಲ್ಲಿ ಜಗಳವಾಡಿ ನೂರು ರೂಪಾಯಿಯ ಟಿಕೆಟ್ ಇಟ್ಟೆವು. ಪ್ರತಿವರ್ಷ ತುಂಬುತ್ತಿದ್ದ ಸಭಾಂಗಣದಲ್ಲಿ ಮುಕ್ಕಾಲು ಪಾಲು ಕುರ್ಚಿ ಖಾಲಿ. ನಿರ್ದೇಶಕರು ನನ್ನ ಮುಖ ನೋಡಲಿಲ್ಲ. ನಾಟಕ ಮುಗಿದು ಟಿಕೆಟ್ ಪುಸ್ತಕದ ಬುಡಗಳನ್ನು ಎಣಿಸುತ್ತಿದ್ದಾಗ, ಹನ್ನೊಂದು ವರ್ಷದಿಂದ ತಪ್ಪದೆ ಬಂದು ಎರಡನೆಯ ಸಾಲಿನಲ್ಲಿ ಕೂರುವ ನಿವೃತ್ತ ಮೇಷ್ಟ್ರು ಮೇಜಿನ ಮುಂದೆ ಬಂದು ನಿಂತರು. "ಕೊನೆಯ ದೃಶ್ಯದಲ್ಲಿ ಆ ಹುಡುಗಿಯ ಮುಖದ ಮೇಲೆ ಬೆಳಕೇ ಬೀಳೋದಿಲ್ಲವಲ್ಲ ಮಾರಾಯರೇ, ಅವಳು ಅಳ್ತಿದಾಳೋ ನಗ್ತಿದಾಳೋ ಗೊತ್ತಾಗಲಿಲ್ಲ" ಎಂದರು. ಹಿಂದೆಲ್ಲ ಚೆನ್ನಾಗಿತ್ತು ಎಂದಷ್ಟೇ ಹೇಳಿ ಕೈಮುಗಿದು ಹೋಗುತ್ತಿದ್ದವರು. ಬೆಳಕಿನ ಹುಡುಗನನ್ನು ಅಲ್ಲೇ ಕರೆದೆ. ಮೇಷ್ಟ್ರು ಅವನ ಜೊತೆ ಖಾಲಿ ರಂಗದ ಮೇಲೆ ಹತ್ತಿ, ಹುಡುಗಿ ನಿಂತಿದ್ದ ಜಾಗದಲ್ಲಿ ತಾವೇ ನಿಂತು ತೋರಿಸಿದರು.