ಜೋಳ ಗಿರಣಿಗೆ ಹೋಗ್ತದೆ, ಗಿರಣಿ ಮನೆಗೆ ಬರೋದಿಲ್ಲ



"ಸರ್, ಕಂಪ್ಯೂಟರ್ ಕಲಿಬೇಕಂದ್ರ ಲಕ್ಷ ರೂಪಾಯಿ ಲ್ಯಾಪ್‌ಟಾಪ್ ಬೇಕಂತಲ್ರಿ? ನಮ್ಮಪ್ಪನ ಕೈಲಿ ಆಗೂದಿಲ್ರಿ" ಎಂದು ಹತ್ತನೇ ಇಯತ್ತೆಯ ಹುಡುಗನೊಬ್ಬ ನನ್ನನ್ನು ಕೇಳಿದ. ನಿಮ್ಮಲ್ಲಿ ಇನ್ನೂ ಎಷ್ಟೋ ಜನ ಕೇಳದೆ ಸುಮ್ಮನಿದ್ದೀರಿ ಅಂತ ನನಗೆ ಗೊತ್ತು. ಆದ್ದರಿಂದ ಉತ್ತರ ಎಲ್ಲರಿಗೂ ಬರೆಯುತ್ತಿದ್ದೇನೆ: ಬೇಕಾಗಿಲ್ಲ.

ನಮ್ಮ ಚಪಳಗಾಂವದಲ್ಲಿ ಜೋಳ ಬೀಸಬೇಕಾದರೆ ಏನು ಮಾಡ್ತೀರಿ? ಚೀಲ ಸೈಕಲ್ ಮೇಲೆ ಇಟ್ಟುಕೊಂಡು ಗಿರಣಿಗೆ ಹೋಗ್ತೀರಿ. ಗಿರಣಿಯನ್ನೇ ಯಾರೂ ಮನೆಗೆ ಹೊತ್ತು ತರೋದಿಲ್ಲ. ಕಂಪ್ಯೂಟರಿನ ಲೆಕ್ಕವೂ ಇಷ್ಟೇ. ಹಗುರ ಲ್ಯಾಪ್‌ಟಾಪ್ ಸೈಕಲ್ ಇದ್ದಂತೆ, ಮೂಲೆಯಲ್ಲಿ ಕೂತ ಬಲವಾದ ಡೆಸ್ಕ್‌ಟಾಪ್ ಗಿರಣಿ ಇದ್ದಂತೆ.

ಎರಡೂ ಗುಣ ಒಂದರಲ್ಲೇ ಯಾಕೆ ಬರೋದಿಲ್ಲ? ವಿಜ್ಞಾನ ಪುಸ್ತಕ ನೆನಪು ಮಾಡಿಕೊಳ್ಳಿ. ಪ್ರೊಸೆಸರ್ ಬಳಸಿದ ವಿದ್ಯುತ್ತೆಲ್ಲ ಕೊನೆಗೆ ಉಷ್ಣವಾಗುತ್ತದೆ. ಹಗುರ ಲ್ಯಾಪ್‌ಟಾಪಿನ ಪ್ರೊಸೆಸರ್ ಸುಮಾರು 15 ವ್ಯಾಟ್ ಬಳಸಿದರೆ, ಒಳ್ಳೆಯ ಗ್ರಾಫಿಕ್ಸ್ ಕಾರ್ಡ್ ಇರುವ ಡೆಸ್ಕ್‌ಟಾಪ್ 200 ವ್ಯಾಟ್ ದಾಟಬಹುದು. ಅಷ್ಟು ಉಷ್ಣ ಹೊರಹಾಕಲು ದೊಡ್ಡ ಫ್ಯಾನ್ ಬೇಕು, ಗಾಳಿಯಾಡಲು ಜಾಗ ಬೇಕು. ತೆಳ್ಳಗಿನ ಯಂತ್ರದಲ್ಲಿ ಆ ಜಾಗವೇ ಇಲ್ಲ, ಹೀಗಾಗಿ ಕಾದಾಗ ಅದು ತಾನೇ ವೇಗ ತಗ್ಗಿಸಿಕೊಳ್ಳುತ್ತದೆ. ಬ್ಯಾಟರಿಯ ಲೆಕ್ಕವನ್ನೂ ಮಾಡಿರಿ: 50 ವ್ಯಾಟ್-ಅವರ್ ಬ್ಯಾಟರಿ 10 ವ್ಯಾಟ್ ಕೆಲಸಕ್ಕೆ 5 ತಾಸು ಬರ್ತದೆ, 200 ವ್ಯಾಟ್ ಕೆಲಸಕ್ಕೆ ಬರೇ 15 ನಿಮಿಷ.

ದೊಡ್ಡ ವಿಜ್ಞಾನಿಗಳೂ ಹೀಗೇ ಮಾಡ್ತಾರೆ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ 2022ರಲ್ಲಿ ಸ್ಥಾಪಿಸಿದ 'ಪರಮ್ ಪ್ರವೇಗ' ಸೂಪರ್ ಕಂಪ್ಯೂಟರಿನ ಸಾಮರ್ಥ್ಯ 3.3 ಪೆಟಾಫ್ಲಾಪ್. ಒಂದು ಪೆಟಾ ಅಂದರೆ 1ರ ಮುಂದೆ 15 ಸೊನ್ನೆ; ಸೆಕೆಂಡಿಗೆ ಅಷ್ಟು ಲೆಕ್ಕ! ಅದನ್ನು ಬಳಸುವವರು ತಮ್ಮ ಮುಂದಿನ ಸಾಧಾರಣ ಕಂಪ್ಯೂಟರಿನಿಂದ ಕೆಲಸ ಕಳಿಸುತ್ತಾರೆ, ಉತ್ತರ ತರಿಸಿಕೊಳ್ಳುತ್ತಾರೆ.

ನಮ್ಮದೇ ಸೋಲಾಪುರ ಜಿಲ್ಲೆಯ ಪರಿತೇವಾಡಿ ನೋಡಿರಿ. ಅಲ್ಲಿ ಶಿಕ್ಷಕರಾಗಿದ್ದ ರಣಜಿತಸಿಂಹ ಡಿಸಲೆ ಮಕ್ಕಳ ಮನೆಮಾತಾದ ಕನ್ನಡ ಕಲಿತರು, ಪಠ್ಯಪುಸ್ತಕಕ್ಕೆ ಕ್ಯೂಆರ್ ಕೋಡ್ ಜೋಡಿಸಿದರು, 2020ರಲ್ಲಿ ಜಾಗತಿಕ ಶಿಕ್ಷಕ ಪ್ರಶಸ್ತಿ ಪಡೆದರು. ಆ ಕೋಡಿನೊಳಗೆ ವಿಡಿಯೊ ಇರೋದಿಲ್ಲ, ವಿಳಾಸ ಇರ್ತದೆ. ಪಾಠ ಇರೋದು ದೂರದ ಕಂಪ್ಯೂಟರಿನಲ್ಲಿ. ಸಣ್ಣ ಮೊಬೈಲು ಅದನ್ನು ತರಿಸಿ ತೋರಿಸ್ತದೆ ಅಷ್ಟೇ.

ಹೀಗಾಗಿ ನನ್ನ ಅಭಿಪ್ರಾಯ ಇದು. ಶಾಲೆಗೆ ದೇಣಿಗೆ ಬಂದರೆ ಒಂದೇ ದುಬಾರಿ ಲ್ಯಾಪ್‌ಟಾಪ್ ತಂದು ಕಪಾಟಿನಲ್ಲಿ ಬೀಗ ಹಾಕುವುದು ಬೇಡ. ಒಂದು ಗಟ್ಟಿ ಡೆಸ್ಕ್‌ಟಾಪ್, ಜೊತೆಗೆ ಹಳೆಯದಾದರೂ ಸರಿ, ಒಂದೆರಡು ಹಗುರ ಲ್ಯಾಪ್‌ಟಾಪ್ ಇರಲಿ. ಬರೆಯೋದು, ತಯಾರಿ ಮಾಡೋದು ಲ್ಯಾಪ್‌ಟಾಪಿನಲ್ಲಿ. ಸ್ನೇಹ ಸಮ್ಮೇಳನದ ವಿಡಿಯೊ ಜೋಡಿಸುವಂಥ ಭಾರದ ಕೆಲಸ ಡೆಸ್ಕ್‌ಟಾಪಿನಲ್ಲಿ. ಎರಡನ್ನೂ ಒಂದೇ ವೈಫೈ ರೌಟರಿಗೆ ಜೋಡಿಸಿದರೆ ಇಂಟರ್‌ನೆಟ್ ಇಲ್ಲದೆಯೂ ಫೈಲ್ ಕಳಿಸಬಹುದು. ಕರೆಂಟ್ ಹೋದರೆ ಡೆಸ್ಕ್‌ಟಾಪ್ ನಿಲ್ತದೆ, ಲ್ಯಾಪ್‌ಟಾಪಿನಲ್ಲಿ ಬರವಣಿಗೆ ಮುಂದುವರೀತದೆ. ಮುಂದೆ ಡೆಸ್ಕ್‌ಟಾಪಿನ ಡಿಸ್ಕ್ ಅಥವಾ ಫ್ಯಾನ್ ಕೆಟ್ಟರೆ ಅದೊಂದನ್ನೇ ಬದಲಿಸಬಹುದು.

ಎರಡು ಯಂತ್ರದಿಂದ ತೊಂದರೆಯೇ ಇಲ್ಲವೆಂದು ನಾನು ಹೇಳೋದಿಲ್ಲ. ವಿಜ್ಞಾನ ಪ್ರದರ್ಶನದ ಹೊತ್ತಿಗೆ ನನ್ನ ಇಬ್ಬರು ವಿದ್ಯಾರ್ಥಿನಿಯರು ಹೊಸ ಫೈಲಿನ ಮೇಲೆ ಹಳೆಯ ಫೈಲ್ ಹಾಕಿಬಿಟ್ಟರು. ಮೂರು ದಿನದ ಬರವಣಿಗೆ ಹೋಯಿತು. ತಪ್ಪು ಅವರದಲ್ಲ, ನಾನು ಮೊದಲೇ ಹೇಳಿಕೊಡಬೇಕಿತ್ತು. ಈಗ ನಮ್ಮ ನಿಯಮ ಹೀಗಿದೆ: ಮೂಲ ಪ್ರತಿ ಡೆಸ್ಕ್‌ಟಾಪಿನಲ್ಲಿ, ಫೈಲಿನ ಹೆಸರಿನಲ್ಲಿ ತಾರೀಖು, ಇನ್ನೊಂದು ಪ್ರತಿ ಪೆನ್‌ಡ್ರೈವಿನಲ್ಲಿ.

ಮನೆಯಲ್ಲಿ ಯಾವ ಯಂತ್ರವೂ ಇಲ್ಲದವರು ನೋಟ್‌ಬುಕ್ಕಿನಲ್ಲೇ ಶುರು ಮಾಡಿರಿ. ಏನು ಮಾಡಬೇಕೆಂದು ಮೊದಲು ಹಾಳೆಯ ಮೇಲೆ ಬರೆದುಕೊಂಡು ಬನ್ನಿರಿ, ಆಮೇಲೆ ಶಾಲೆಯ ಕಂಪ್ಯೂಟರ್ ಮುಂದೆ ಅರ್ಧ ತಾಸು ಸಿಕ್ಕರೂ ಸಾಕು. ಗಿರಣಿ ಶಾಲೆಯದಾಗಲಿ, ಜೋಳ ಮಾತ್ರ ನೀವೇ ತರಬೇಕು.