ನುರುಜುಗಲ್ಲಿನ ಜೀರ್ಣಶಕ್ತಿ

ಫಿಲ್ಟರ್ ಎಂದೊಡನೆ ನಮ್ಮವರಿಗೆ ಮೊದಲು ನೆನಪಾಗುವುದು ಕಾಫಿ ಫಿಲ್ಟರ್. ಪುಡಿ ಮೇಲೆ ಉಳಿಯುತ್ತದೆ, ಡಿಕಾಕ್ಷನ್ ಕೆಳಗೆ ಇಳಿಯುತ್ತದೆ. ಬೇಡದ್ದನ್ನು ಹಿಡಿದಿಟ್ಟುಕೊಂಡು ಬೇಕಾದದ್ದನ್ನು ಬಿಟ್ಟುಕೊಡುವುದೇ ಫಿಲ್ಟರಿನ ಕೆಲಸ ಎಂಬ ನಂಬಿಕೆ ಆ ಪದದ ಜೊತೆಗೇ ಬಂದಿದೆ. ಮನೆಯ ಅಕ್ವೇರಿಯಂಗೆ ಅಂಡರ್‌ಗ್ರಾವೆಲ್ ಫಿಲ್ಟರ್ ಹಾಕಿಸಿಕೊಂಡವರೂ ಅದರಿಂದ ಇದನ್ನೇ ಬಯಸುತ್ತಾರೆ. ಆರೇಳು ತಿಂಗಳು ಕಳೆದ ಮೇಲೆ ಕಲ್ಲಿನ ಸಂದುಗಳಲ್ಲಿ ಕಂದು ಕೊಳೆ ತುಂಬಿಕೊಂಡದ್ದು ಗಾಜಿನಾಚೆಯಿಂದಲೇ ಕಾಣುತ್ತದೆ. ಆಗ ಇದು ಹಳೇ ಕಾಲದ ಸಾಮಾನು, ಕೆಲಸಕ್ಕೆ ಬಾರದು ಎಂಬ ತೀರ್ಮಾನ ಹೊರಬೀಳುತ್ತದೆ. ಈ ತೀರ್ಮಾನ ಆತುರದ್ದು ಎಂಬುದು ನನ್ನ ವಾದ. ಈ ಸಾಧನ ಸೋಸುವುದಕ್ಕಿಂತ ಹೆಚ್ಚಾಗಿ ಜೀರ್ಣಿಸುತ್ತದೆ. ಜಠರವನ್ನು ಜರಡಿಯ ಅಳತೆಗೋಲಿನಿಂದ ಅಳೆದರೆ ಅದು ಸೋತಂತೆಯೇ ಕಾಣುತ್ತದೆ.

ಅದರ ರಚನೆಯಲ್ಲಿ ಮುಚ್ಚಿಟ್ಟದ್ದೇನೂ ಇಲ್ಲ. ತೊಟ್ಟಿಯ ತಳದಿಂದ ಎರಡು ಮೂರು ಸೆಂಟಿಮೀಟರ್ ಎತ್ತರದಲ್ಲಿ ತೂತುಗಳಿರುವ ಪ್ಲಾಸ್ಟಿಕ್ ತಟ್ಟೆ, ಅದರ ಮೇಲೆ ಐದಾರು ಸೆಂಟಿಮೀಟರ್ ದಪ್ಪಕ್ಕೆ ನುರುಜುಗಲ್ಲು, ಮೂಲೆಯಲ್ಲಿ ನೆಟ್ಟಗೆ ನಿಂತ ಕೊಳವೆ. ಏರ್ ಪಂಪಿನ ಗಾಳಿ ಕೊಳವೆಯ ಬುಡದಲ್ಲಿ ಗುಳ್ಳೆಯಾಗಿ ಒಡೆಯುತ್ತದೆ. ಗುಳ್ಳೆ ಬೆರೆತ ನೀರು ಸುತ್ತಲಿನ ನೀರಿಗಿಂತ ಹಗುರವಾದ್ದರಿಂದ ಮೇಲೇರುತ್ತದೆ. ಆ ಜಾಗ ತುಂಬಲು ತೊಟ್ಟಿಯ ನೀರು ಕಲ್ಲಿನ ಹಾಸಿನೊಳಗೆ ನಿಧಾನವಾಗಿ ಇಳಿದು ಬರುತ್ತದೆ. ನೀರಿನಲ್ಲಿ ತಿರುಗುವ ಯಾವ ಭಾಗವೂ ಇಲ್ಲ, ಬದಲಿಸಬೇಕಾದ ಕಾರ್ಟ್ರಿಡ್ಜ್ ಇಲ್ಲ. ಹೀಗೆ ಇಳಿಯುವ ನೀರು ಮೀನಿನ ಕಿವಿರುಗಳಿಂದ ಹೊರಬಿದ್ದ ಅಮೋನಿಯವನ್ನು ಹೊತ್ತು ತರುತ್ತದೆ. ಮೀನಿಗೆ ಇದು ದೊಡ್ಡ ವಿಷ. ಕೊಳೆಯಾದರೂ ಕಣ್ಣಿಗೆ ಕಾಣುತ್ತದೆ. ಕೊಲ್ಲುವ ಅಮೋನಿಯ ಕಾಣುವುದಿಲ್ಲ. ತಿಳಿನೀರಿನಲ್ಲೂ ಮೀನು ಸಾಯುವುದು ಹಲವು ಸಲ ಇದರಿಂದಲೇ.

ಈ ವಿಷವನ್ನು ಕಲ್ಲುಹಾಸು ಇಲ್ಲವಾಗಿಸುತ್ತದೆ ಎಂಬುದಕ್ಕೆ ಆಧಾರ ಬಹಳ ಹಳೆಯದು. 1877ರಲ್ಲಿ ಫ್ರಾನ್ಸಿನ ಥಿಯೊಫೀಲ್ ಶ್ಲೋಸಿಂಗ್ ಮತ್ತು ಅಶಿಲ್ ಮ್ಯೂಂಟ್ಸ್ ಉದ್ದನೆಯ ಗಾಜಿನ ಕೊಳವೆಯಲ್ಲಿ ಮರಳು ಮತ್ತು ಸುಣ್ಣಕಲ್ಲಿನ ಪುಡಿ ತುಂಬಿ, ಅದರ ಮೂಲಕ ಚರಂಡಿ ನೀರನ್ನು ಮೆಲ್ಲಗೆ ಇಳಿಬಿಟ್ಟರು. ಸುಮಾರು 20 ದಿನ ಏನೂ ಬದಲಾಗಲಿಲ್ಲ. ಆಮೇಲೆ ಕೆಳಗೆ ಬರುವ ನೀರಿನಲ್ಲಿ ಅಮೋನಿಯ ಇಳಿದು ನೈಟ್ರೇಟ್ ಕಾಣಿಸಿಕೊಂಡಿತು. ಕ್ಲೋರೋಫಾರ್ಮ್ ಆವಿ ಹಾಯಿಸಿದಾಗ ಈ ಬದಲಾವಣೆ ನಿಂತುಹೋಯಿತು. ಒಂದಿಷ್ಟು ಹೊಸ ಮಣ್ಣು ಕದಡಿದ ನೀರು ಸೇರಿಸಿದಾಗ ಮತ್ತೆ ಶುರುವಾಯಿತು. ಕೆಲಸ ಮಾಡುತ್ತಿದ್ದುದು ಮರಳಲ್ಲ, ಮರಳಿಗೆ ಅಂಟಿದ ಜೀವಿಗಳು ಎಂಬುದಕ್ಕೆ ಇದಕ್ಕಿಂತ ಸ್ಪಷ್ಟ ಸಾಕ್ಷಿ ಬೇಕಿಲ್ಲ. ಹೊಸ ತೊಟ್ಟಿ ಪಕ್ವವಾಗಲು ನಾಲ್ಕರಿಂದ ಆರು ವಾರ ಬೇಕೆಂದು ಮೀನು ಸಾಕುವವರು ಇಂದಿಗೂ ಹೇಳುವ ಮಾತಿನ ಹಿಂದೆ ಇರುವುದು ಆ 20 ದಿನಗಳ ಕಾಯುವಿಕೆಯೇ. 1890ರ ಸುಮಾರಿಗೆ ಸೂಕ್ಷ್ಮಜೀವಿ ವಿಜ್ಞಾನಿ ವಿನೊಗ್ರಾಡ್‌ಸ್ಕಿ ಈ ಬ್ಯಾಕ್ಟೀರಿಯಾಗಳನ್ನು ಬೇರ್ಪಡಿಸಿ ತೋರಿಸಿದರು. ಅಮೋನಿಯವನ್ನು ನೈಟ್ರೈಟ್ ಮಾಡುವ ಜೀವಿ ಒಂದು, ನೈಟ್ರೈಟನ್ನು ನೈಟ್ರೇಟ್ ಮಾಡುವ ಜೀವಿ ಇನ್ನೊಂದು ಎಂದು ಬಹುಕಾಲ ನಂಬಲಾಗಿತ್ತು. ಈ ಎರಡೂ ಕೆಲಸವನ್ನು ಒಂದೇ ಬ್ಯಾಕ್ಟೀರಿಯ ಮಾಡಬಲ್ಲದು ಎಂದು 2015ರಲ್ಲಿ ಗೊತ್ತಾಯಿತು. ಅದು ಸಿಕ್ಕ ಜಾಗಗಳಲ್ಲಿ ಮೀನು ಸಾಕಣೆಯ ಒಂದು ಜೈವಿಕ ಫಿಲ್ಟರ್ ಕೂಡ ಸೇರಿದೆ.

ಇಷ್ಟು ಜೀವಿಗಳಿಗೆ ಆ ಹಾಸಿನಲ್ಲಿ ಜಾಗವೆಲ್ಲಿ ಎಂದು ಕೇಳಬಹುದು. ಲೆಕ್ಕ ಹಾಕೋಣ. ಎರಡು ಅಡಿ ಉದ್ದ, ಒಂದು ಅಡಿ ಅಗಲದ ತೊಟ್ಟಿಯಲ್ಲಿ ಆರು ಸೆಂಟಿಮೀಟರ್ ದಪ್ಪಕ್ಕೆ ಕಲ್ಲು ಹಾಸಿದರೆ ಅದು ಸುಮಾರು 11 ಲೀಟರ್ ಆಗುತ್ತದೆ. ಕಲ್ಲುಗಳು ನಾಲ್ಕು ಮಿಲಿಮೀಟರಿನ ಗುಂಡುಗಳು, ನಡುವಿನ ಖಾಲಿ ಜಾಗ ನೂರಕ್ಕೆ ನಲವತ್ತು ಎಂದಿಟ್ಟುಕೊಂಡರೆ, ಅವುಗಳ ಒಟ್ಟು ಮೇಲ್ಮೈ ಸುಮಾರು 100 ಚದರ ಅಡಿ. ಹತ್ತಡಿಗೆ ಹತ್ತಡಿಯ ಕೋಣೆಯ ನೆಲದಷ್ಟು ಜಾಗ ಒಂದು ಮೇಜಿನ ಮೇಲಿನ ತೊಟ್ಟಿಯ ತಳದಲ್ಲಿ ಮಡಚಿಕೊಂಡು ಕೂತಿದೆ. ಕಲ್ಲಿನ ಗಾತ್ರ ಎರಡು ಪಟ್ಟಾದರೆ ಈ ನೆಲ ಅರ್ಧಕ್ಕೆ ಇಳಿಯುತ್ತದೆ. ಅಂದಕ್ಕೆಂದು ದಪ್ಪ ಗೋಲಿಕಲ್ಲು ಹಾಕುವವರು ಕಳೆದುಕೊಳ್ಳುವುದು ಇದನ್ನೇ. ಹಾಗೆಂದು ತೀರ ಸಣ್ಣ ಮರಳು ಹಾಕಿದರೆ ಅದು ತಟ್ಟೆಯ ತೂತುಗಳಿಂದ ಕೆಳಗಿಳಿಯುತ್ತದೆ, ಇಲ್ಲವೇ ಒತ್ತಾಗಿ ಕೂತು ನೀರಿಗೇ ದಾರಿ ಕೊಡುವುದಿಲ್ಲ. ಎರಡರಿಂದ ಐದು ಮಿಲಿಮೀಟರಿನ ಕಲ್ಲೇ ಇದಕ್ಕೆ ತಕ್ಕದ್ದು. ಮಿತವಾಗಿ ಮೀನು ಬಿಟ್ಟ ತೊಟ್ಟಿಗೆ ಬೇಕಾದದ್ದಕ್ಕಿಂತ ಹೆಚ್ಚೇ ಜಾಗ ಅಲ್ಲಿದೆ.

ಜಾಗದ ಕೊರತೆ ಇಲ್ಲವೆಂದ ಮೇಲೆ ಈ ಫಿಲ್ಟರ್ ಸೋಲುವುದೆಲ್ಲಿ? ಉಸಿರಿನಲ್ಲಿ. ಒಂದು ಗ್ರಾಂ ಅಮೋನಿಯ ಸಾರಜನಕ ನೈಟ್ರೇಟ್ ಆಗಲು ಸುಮಾರು ನಾಲ್ಕೂವರೆ ಗ್ರಾಂ ಆಮ್ಲಜನಕ ಬೇಕು. 20 ಡಿಗ್ರಿಯ ನೀರು ಲೀಟರಿಗೆ ಸುಮಾರು 9 ಮಿಲಿಗ್ರಾಂ ಆಮ್ಲಜನಕ ಹಿಡಿದರೆ, ನಮ್ಮ ಬೇಸಿಗೆಯ 30 ಡಿಗ್ರಿಯ ನೀರು ಹಿಡಿಯುವುದು ಏಳೂವರೆ ಮಾತ್ರ. ಅದನ್ನು ಕಲ್ಲಿನ ಸಂದುಗಳಿಗೆ ಒಯ್ಯುವುದು ಹರಿವು. ಮೀನಿನ ಹಿಕ್ಕೆ, ತಿನ್ನದೆ ಉಳಿದ ಆಹಾರ, ಉದುರಿದ ಎಲೆ ಸಂದುಗಳನ್ನು ತುಂಬಿದಂತೆ ನೀರು ಸುಲಭದ ದಾರಿ ಹುಡುಕಿಕೊಳ್ಳುತ್ತದೆ. ಕಲ್ಲು ತೆಳುವಾಗಿರುವಲ್ಲಿ, ಮೀನು ಕೆದಕಿದಲ್ಲಿ ಭರದಿಂದ ಇಳಿದು, ಉಳಿದ ಭಾಗವನ್ನು ಹಾಗೇ ಬಿಡುತ್ತದೆ. ಕೊಳವೆಯ ಬಾಯಲ್ಲಿ ಗುಳ್ಳೆಗಳು ಎಂದಿನಂತೆ ಏಳುತ್ತಲೇ ಇರುತ್ತವೆ, ಆದರೆ ನೂರು ಚದರ ಅಡಿಯ ನೆಲದಲ್ಲಿ ಬಹುಪಾಲು ಸತ್ತಿರುತ್ತದೆ. ಕೊಳೆಯನ್ನು ತಿನ್ನುವ ಬೇರೆ ಬ್ಯಾಕ್ಟೀರಿಯಾಗಳು ಇದ್ದಬದ್ದ ಆಮ್ಲಜನಕವನ್ನೂ ಕಸಿದುಕೊಂಡು ಮತ್ತಷ್ಟು ಅಮೋನಿಯ ಬಿಡುತ್ತವೆ. ಜಠರಕ್ಕೆ ಅಜೀರ್ಣವಾಗುವುದು ಹೀಗೆ.

ಇದಕ್ಕೆ ಪರಿಹಾರವೇನೆಂದು ನಮ್ಮ ಹಳ್ಳಗಳೇ ತೋರಿಸುತ್ತವೆ. ಬೇಸಿಗೆಯಲ್ಲಿ ಬತ್ತಿದ ಹಳ್ಳದ ಮರಳಲ್ಲಿ ಒರತೆ ತೋಡಿ, ಜಿನುಗುವ ತಿಳಿನೀರನ್ನು ಚಿಪ್ಪಿನಿಂದ ಮೊಗೆದು ಕೊಡ ತುಂಬಿಕೊಳ್ಳುವುದು ಉತ್ತರ ಕರ್ನಾಟಕದ ಊರುಗಳಿಗೆ ಹೊಸದಲ್ಲ. ಆ ಮರಳು ವರ್ಷವರ್ಷವೂ ನೀರನ್ನು ತಿಳಿಗೊಳಿಸುತ್ತಲೇ ಇರುವುದು ಹೇಗೆ? ಮಳೆಗಾಲದ ನೆರೆ ಬಂದು ಅದನ್ನು ಎತ್ತಿ, ತೊಳೆದು, ಹೊಸದಾಗಿ ಹಾಸಿಹೋಗುತ್ತದೆ. 1829ರಲ್ಲಿ ಜೇಮ್ಸ್ ಸಿಂಪ್ಸನ್ ಲಂಡನ್ನಿನ ಚೆಲ್ಸಿಯಲ್ಲಿ ಕುಡಿಯುವ ನೀರಿಗಾಗಿ ಕಟ್ಟಿದ ಮರಳು ಹಾಸಿನ ಬಗೆಯ ಫಿಲ್ಟರುಗಳಲ್ಲೂ ಕಟ್ಟಿಕೊಂಡ ಮೇಲ್ಪದರವನ್ನು ಆಗಾಗ ಕೆರೆದು ತೆಗೆಯಲೇಬೇಕು. ತೊಟ್ಟಿಯ ಕಲ್ಲುಹಾಸಿಗೂ ಅಂಥದೊಂದು ನೆರೆ ಬೇಕು. ಅದನ್ನು ತರಬೇಕಾದದ್ದು ಸಾಕುವವರ ಕೈ. ಅಗಲ ಬಾಯಿಯ ಸೈಫನ್ ಕೊಳವೆಯನ್ನು ತಟ್ಟೆ ತಾಕುವವರೆಗೆ ಕಲ್ಲಿನೊಳಗೆ ಇಳಿಸಿದರೆ ಕಲ್ಲುಗಳು ಕೊಳವೆಯೊಳಗೆ ಎದ್ದು ಉರುಳಾಡುತ್ತವೆ. ಕಂದು ಕೊಳೆ ಹೊಗೆಯಂತೆ ಸುರುಳಿಯಾಗಿ ಮೇಲೇರಿ ಬಕೆಟ್ಟಿಗೆ ಹೋಗುತ್ತದೆ. ಕೊಳವೆ ಎತ್ತಿದಾಗ ಭಾರದ ಕಲ್ಲು ತೊಳೆದುಕೊಂಡು ತನ್ನ ಜಾಗಕ್ಕೇ ಬೀಳುತ್ತದೆ. ಬ್ಯಾಕ್ಟೀರಿಯಾಗಳು ಲೋಳೆಯ ಪದರವಾಗಿ ಕಲ್ಲಿಗೆ ಅಂಟಿರುವುದರಿಂದ ಬಹುಪಾಲು ಅಲ್ಲೇ ಉಳಿಯುತ್ತವೆ. ವಾರಕ್ಕೆ ಅರ್ಧ ಹಾಸು, ಮುಂದಿನ ವಾರ ಉಳಿದರ್ಧ ಎಂದುಕೊಂಡರೆ ಸಾಕು. ಕಲ್ಲನ್ನು ಹೊರತೆಗೆದು ನಲ್ಲಿ ನೀರಿನಲ್ಲಿ ಉಜ್ಜಿ ತೊಳೆಯುವುದು ಮಾತ್ರ ಬೇಡ. ಅದರಲ್ಲಿರುವ ಕ್ಲೋರಿನ್ ಈ ಬ್ಯಾಕ್ಟೀರಿಯಾಗಳನ್ನು ಕೊಲ್ಲಬಹುದು.

ವಿರೋಧದ ಮಾತುಗಳಲ್ಲಿ ಹುರುಳಿಲ್ಲವೆಂದು ನಾನು ಹೇಳಲಾರೆ. ತಟ್ಟೆಯ ಅಡಿಯಲ್ಲಿ ಕೊಳೆ ಕೂರುತ್ತದೆ, ಅಲ್ಲಿಗೆ ಕೈ ಹೋಗುವುದಿಲ್ಲ ಎಂಬುದು ನಿಜ. ಮೇಲಿನ ಹಾಸು ಚೊಕ್ಕಟವಾಗಿದ್ದರೆ ಅಲ್ಲಿಗೆ ಇಳಿಯುವುದೂ ಕಡಿಮೆ. ಇಳಿದದ್ದನ್ನು, ಮೂಲೆಯಲ್ಲಿ ನೆಟ್ಟಗೆ ನಿಂತ ಕೊಳವೆಯೊಳಗೆ ಸಣ್ಣ ಪೈಪು ಬಿಟ್ಟು ಒಂದು ಮಟ್ಟಿಗೆ ಹೀರಬಹುದು. ಕ್ಯಾನಿಸ್ಟರ್ ಫಿಲ್ಟರ್ ಕೊಳೆಯನ್ನು ಹೊರಗೆ ಒಯ್ಯುತ್ತದಲ್ಲ ಎಂದರೆ, ಡಬ್ಬಿ ತೊಟ್ಟಿಯ ಹೊರಗಿದೆ ನಿಜ, ಆದರೆ ಅದನ್ನು ಬಿಚ್ಚಿ ತೊಳೆಯುವವರೆಗೂ ಕೊಳೆ ಅದೇ ನೀರಿನ ದಾರಿಯಲ್ಲಿರುತ್ತದೆ. ಕರೆಂಟು ಹೋದರೆ ಹಾಸು ಉಸಿರುಗಟ್ಟುತ್ತದೆ ಎಂಬುದು ನಮ್ಮ ಊರುಗಳಲ್ಲಿ ಗಂಭೀರವಾದ ಆಕ್ಷೇಪವೇ. ಮುಚ್ಚಿದ ಡಬ್ಬಿಯ ಫಿಲ್ಟರಿಗೆ ಅದೇ ಗತಿ ಇನ್ನೂ ಬೇಗ ಬರುತ್ತದೆ. ಇಲ್ಲಿ ಮೇಲಿನ ಪದರಕ್ಕಾದರೂ ತೊಟ್ಟಿಯ ನೀರು ತಾಕುತ್ತಿರುತ್ತದೆ. ಬ್ಯಾಟರಿಯಿಂದ ನಡೆಯುವ ಚಿಕ್ಕ ಏರ್ ಪಂಪ್ ಒಂದಿದ್ದರೆ ಹಾಸಿನ ಉಸಿರು ನಿಲ್ಲುವುದಿಲ್ಲ.

ಒಪ್ಪಿಕೊಳ್ಳಲೇಬೇಕಾದ ಮಿತಿಗಳೂ ಇವೆ. ದಟ್ಟವಾಗಿ ಬೇರುಬಿಡುವ ಗಿಡಗಳ ತೊಟ್ಟಿಗೆ ಇದು ಹೊಂದುವುದಿಲ್ಲ; ಬೇರು ಸಂದುಗಳನ್ನು ಮುಚ್ಚುತ್ತದೆ, ಬೇರಿನ ಬುಡದಲ್ಲಿ ಸೈಫನ್ ಆಡಿಸಲಾಗದು. ಕಲ್ಲು ಕೆದಕಿ ಗುಂಡಿ ತೋಡುವ ಸಿಕ್ಲಿಡ್‌ಗಳು ತಟ್ಟೆಯನ್ನೇ ಬೆತ್ತಲೆ ಮಾಡುತ್ತವೆ. ಗೋಲ್ಡ್‌ಫಿಶ್ ತಿನ್ನುವುದೂ ಹೆಚ್ಚು, ಕೆದಕುವುದೂ ಹೆಚ್ಚು. ನಯವಾದ ಮರಳಲ್ಲಿ ಮೂತಿ ಆಡಿಸಿ ಬದುಕುವ ಮೀನಿಗೆ ಮರಳೇ ಬೇಕು. ತೀರ ಚಿಕ್ಕ ತೊಟ್ಟಿಗೆ ಸ್ಪಂಜ್ ಫಿಲ್ಟರ್ ಇದಕ್ಕಿಂತ ಸುಲಭ. ಅದೇ ಗಾಳಿಯಿಂದ ಅದೇ ಕೆಲಸ ಮಾಡುತ್ತದೆ, ತೊಟ್ಟಿಯಿಂದ ತೆಗೆದ ನೀರಿನಲ್ಲೇ ಹಿಂಡಿದರೆ ಮುಗಿಯಿತು. ಇನ್ನು ನೈಟ್ರೇಟ್: ಅಮೋನಿಯದಷ್ಟು ಕ್ರೂರವಲ್ಲದಿದ್ದರೂ ಅದು ನೀರಿನಲ್ಲೇ ಉಳಿದು ದಿನೇ ದಿನೇ ಏರುತ್ತದೆ. ಇಂಥ ತೊಟ್ಟಿಯಲ್ಲಿ ನೀರು ಬದಲಿಸುವುದೇ ಅದಕ್ಕೆ ಸುಲಭದ ದಾರಿ. ಸೈಫನ್ ಹಿಡಿದಾಗ ಕೊಳೆಯ ಜೊತೆ ಹಳೆಯ ನೀರೂ ಹೋಗುವುದರಿಂದ ಈ ಎರಡು ಕೆಲಸ ಒಂದೇ ಹೊತ್ತಿಗೆ ಮುಗಿಯುತ್ತವೆ.

ಆದ್ದರಿಂದ ನುರುಜುಗಲ್ಲು ಹಾಸಿ, ಮಿತವಾಗಿ ಮೀನು ಬಿಟ್ಟು, ಮಿತವಾಗಿ ಉಣಿಸುವ ಸಾಧಾರಣ ಮನೆಯ ತೊಟ್ಟಿಗೆ ಅಂಡರ್‌ಗ್ರಾವೆಲ್ ಫಿಲ್ಟರ್ ಇಂದಿಗೂ ಒಳ್ಳೆಯ, ಕಡಿಮೆ ಖರ್ಚಿನ ಆಯ್ಕೆ ಎಂದೇ ನನ್ನ ತೀರ್ಪು. ಅದಕ್ಕೊಂದು ಷರತ್ತಿದೆ: ವಾರಕ್ಕೊಮ್ಮೆ ಅರ್ಧ ಗಂಟೆ, ಒಂದು ಬಕೆಟ್, ಒಂದು ಕೊಳವೆ. ಕೊಳ್ಳುವಾಗ ಅಂಗಡಿಯಲ್ಲಿ ತಟ್ಟೆಯ ಬೆಲೆ ಕೇಳುವವರು ಅದರ ಪಕ್ಕದಲ್ಲೇ ಈ ಅರ್ಧ ಗಂಟೆಯನ್ನೂ ಇಟ್ಟು ಲೆಕ್ಕ ಹಾಕಬೇಕು. ಅದನ್ನು ಕೊಡಲಾಗದವರು ಇನ್ನೂ ದುಬಾರಿಯ ಫಿಲ್ಟರ್ ತಂದರೂ ಕೊಳೆ ಕಾಣದ ಜಾಗಕ್ಕೆ ಹೋಗುತ್ತದೆಯೇ ಹೊರತು ಇಲ್ಲವಾಗುವುದಿಲ್ಲ. ಗಾಜಿನ ನಾಲ್ಕು ಗೋಡೆಗಳ ನಡುವೆ ಜೀವಗಳನ್ನು ತಂದಿಟ್ಟುಕೊಂಡವರು ನಾವು. ಹಳ್ಳದ ಮೀನಿಗೆ ಮಳೆಗಾಲ ಮಾಡುವ ಸೇವೆಯನ್ನು ಆ ಮೀನುಗಳಿಗೆ ನಾವೇ ಮಾಡಬೇಕು.